ಕುಳ್ಳಯ್ಯನ ಮಾತಿಗೆ ಬಂದ ವೀಳ್ಯ

ಬಿಂಡಿಗನವಿಲೆಯ ಕುಳ್ಳಯ್ಯನ ಮನೆಯಲ್ಲಿ ಯಾವುದಕ್ಕೆ ಬರವಿದ್ದರೂ ಶಾಲಿಗೆ ಬರವಿರಲಿಲ್ಲ. ಕೆಂಪು, ಹಸಿರು, ಕೇಸರಿ. ಅಂಚಿಗೆ ಜರಿಯಂತೆ ಮಿರಮಿರ ಮಿಂಚುವ ನೂಲು. ಹೊದ್ದರೆ ಬೆವರು ಹೀರದು, ಚಳಿ ತಡೆಯದು. ಹೆಂಡತಿ ಸಿದ್ದಲಿಂಗಮ್ಮ ಒಂದನ್ನು ಬಚ್ಚಲಿಗೆ ಪರದೆ ಕಟ್ಟಿದ್ದಳು. ಇನ್ನೊಂದರಲ್ಲಿ ಬೆರಣಿ ಹೊತ್ತು ತರುತ್ತಿದ್ದಳು. ಸಭೆಗಳಲ್ಲಿ ಕೊಟ್ಟ ಮರದ ಸ್ಮರಣಿಕೆಯೊಂದು ಮಜ್ಜಿಗೆ ಗಡಿಗೆಗೆ ಮುಚ್ಚಳವಾಗಿತ್ತು. ಒಂದು ಸಲ ನೆರೆಮನೆಯ ಕುರಿ ಈದಾಗ ಅದರ ಮರಿಗೆ ಶಾಲು ಹೊದಿಸಿ ಬಂದಳು. ಬೆಳಿಗ್ಗೆ ನೋಡಿದರೆ ಶಾಲು ಒಂದು ಮೂಲೆಯಲ್ಲಿ, ಮರಿ ಇನ್ನೊಂದು ಮೂಲೆಯಲ್ಲಿ ಗೋಣಿಚೀಲದೊಳಗೆ ನುಸುಳಿಕೊಂಡು ಮಲಗಿತ್ತು.

"ನೋಡ್ದಾ? ಆ ಮರಿಗೆ ಒಂದೇ ರಾತ್ರೀಲಿ ಗೊತ್ತಾಗೋಯ್ತು, ನಿಂಗೆ ಒಂದು ವರ್ಸ ಆದ್ರೂ ಗೊತ್ತಾಗ್ನಿಲ್ಲ" ಅಂದಳು ಸಿದ್ದಲಿಂಗಮ್ಮ.

ಕುಳ್ಳಯ್ಯ ಶಾಲನ್ನು ಕೊಡವಿ ಮಡಿಸಿಟ್ಟ. ಮಾತಿಗೆ ಹೆಸರಾದವನು ಮನೆಯಲ್ಲಿ ಮಾತಿಲ್ಲದೆ ಕೂರುವುದು ಆಗಲೇ ರೂಢಿಯಾಗಿತ್ತು.

ಅವನು ಹುಟ್ಟಾ ಕುರಿ ಕಾಯುವವನು. ಶಾಲೆಯ ಮೆಟ್ಟಿಲು ತುಳಿದವನಲ್ಲ. ಸುಗ್ಗಿ ಮುಗಿಯುತ್ತಲೇ ನಾಗಮಂಗಲದ ಬೆದ್ದಲು ಸೀಮೆ ಬಿಟ್ಟು, ಅಪ್ಪನ ಹಿಂದೆ ಮಂದೆ ಹೊಡೆದುಕೊಂಡು, ಕೆ.ಆರ್. ಪೇಟೆ ದಾಟಿ ಹೇಮಾವತಿಯ ದಂಡೆಗೆ ಇಳಿಯುತ್ತಿದ್ದ. ಅಲ್ಲಿಂದ ಚಿನಕುರಳಿ, ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆ ಬಯಲು. ಕೊಯ್ದ ಗದ್ದೆಯಲ್ಲಿ ಮಂದೆ ಕೂರಿಸಿದರೆ ಗದ್ದೆಗೆ ಹಿಕ್ಕೆಯ ಗೊಬ್ಬರ, ಕಾಯುವವನಿಗೆ ಗದ್ದೆಯವರು ಅಳೆದು ಹಾಕುವ ಭತ್ತ. ಅಕ್ಕಿಹೆಬ್ಬಾಳಿನ ರೈಲು ಸ್ಟೇಷನ್ನಿನ ಹಳದಿ ಬೋರ್ಡೇ ಅವನಿಗೆ ಹಲಗೆಯಾಯಿತು. ಅಲ್ಲಿ ರೈಲಿಗೆ ಬಾವುಟ ತೋರಿಸುತ್ತಿದ್ದ ಒಬ್ಬ ಪುಣ್ಯಾತ್ಮ, ಊರ ಹೆಸರಿನ ಒಂದೊಂದೇ ಅಕ್ಷರವನ್ನು ಬಾವುಟದ ಕೋಲಿನಿಂದ ಮುಟ್ಟಿ ಹೇಳಿಕೊಟ್ಟ. ಅಷ್ಟು ಸಿಕ್ಕಿದ ಮೇಲೆ ಮಿಕ್ಕಿದ್ದನ್ನು ಕುಳ್ಳಯ್ಯ ಬಿಡಲಿಲ್ಲ. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು, ಬೋಂಡ ಕಟ್ಟಿದ ಕಾಗದ, ಯಾವುದನ್ನೂ ಓದದೆ ಮುಂದಕ್ಕೆ ಹೋಗಲಿಲ್ಲ.

ನಲವತ್ತು ದಾಟಿದ ಮೇಲೆ ಒಂದು ಪುಸ್ತಕ ಬರೆದ. ‘ಮಂದೆ ನಡೆದ ದಾರಿ’ ಎಂದು ಹೆಸರಿಟ್ಟ. ಕುರಿಯವರು ನಡೆದ ಹಾದಿ, ಆ ಹಾದಿಯ ಬಾವಿ, ಕಟ್ಟೆ, ನೆರಳು, ನೀರು ಕೊಟ್ಟವರು, ಕಲ್ಲು ಹೊಡೆದು ಓಡಿಸಿದವರು, ಎಲ್ಲ ಅದರಲ್ಲಿದ್ದರು. ಮಂದೆ ಮಾರಿ ಪಾಂಡವಪುರದ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ. ಮಂದೆ ಹೋಗಿ ಮನೆಯೊಳಗೆ ಪುಸ್ತಕದ ಕಟ್ಟುಗಳು ಬಂದು ಕೂತವು. ಕಟ್ಟುಗಳು ಮೇಯುವುದೂ ಇಲ್ಲ, ಮರಿ ಹಾಕುವುದೂ ಇಲ್ಲ.

ಪುಸ್ತಕದಲ್ಲಿ ಎಲ್ಲರ ಬಾಯಲ್ಲಿ ನಿಂತದ್ದು ಕುರಿಕಟ್ಟೆಯ ಕತೆ. ಚಿನಕುರಳಿಯಿಂದಾಚೆ ಬಂಡೆ ಮಗ್ಗುಲಲ್ಲಿ ನೀರು ನಿಲ್ಲುವ ಒಂದು ಕಲ್ಲುಕಟ್ಟೆಯಿತ್ತು. ಒಂದು ಬೇಸಿಗೆಯಲ್ಲಿ ಯಾರದೋ ಮಂದೆಯ ಗಬ್ಬದ ಕುರಿಯೊಂದು ನೀರಿಲ್ಲದೆ ಅಲ್ಲಿನ ಒಬ್ಬ ಹೆಂಗಸಿನ ಬಾಗಿಲಲ್ಲಿ ಬಿದ್ದು ಸತ್ತಿತು. ಆ ಹೆಂಗಸು ಮೂರು ದಿನ ಅನ್ನ ಮುಟ್ಟದೆ ಕೂತು, ಕೊನೆಗೆ ತನ್ನ ಬೆಳ್ಳಿಯ ಕಾಲುಕಡಗ ಬಿಚ್ಚಿಕೊಟ್ಟು ಒಡ್ಡರಿಂದ ಕಟ್ಟೆ ತೋಡಿಸಿದಳು. "ದನಕ್ಕೆ ಎಲ್ಲಾದ್ರೂ ಸಿಗ್ತದೆ. ಕುರಿಮರಿಗೆ ಮೂತಿ ಎಟುಕೋ ಅಂಗೆ ಅಂಚ ತಗ್ಗಿಸ್ರಪ್ಪ" ಎಂದು ಮುಂದೆ ನಿಂತು ಹೇಳಿದಳಂತೆ. ಕಟ್ಟೆಯ ಒಂದು ಮಗ್ಗುಲು ನೆಲಕ್ಕೆ ನೆಲ ಸಮ ಇತ್ತು. ಮೊನ್ನೆ ಹುಟ್ಟಿದ ಮರಿಯೂ ಮಂಡಿ ಊರದೆ ಕುಡಿಯಬಹುದಿತ್ತು.

ಇದನ್ನು ಕುಳ್ಳಯ್ಯನಿಗೆ ಹೇಳಿದವಳು ಆ ಮನೆಯ ಸೊಸೆ ಚಿಕ್ಕಬೋರಮ್ಮ. ಆಗಲೇ ಹಣ್ಣು ಮುದುಕಿ. ಕುಳ್ಳಯ್ಯ ಹುಡುಗನಾಗಿದ್ದಾಗಿನಿಂದಲೂ ಆ ದಾರಿಯಲ್ಲಿ ಹೋದಾಗಲೆಲ್ಲ ಅವನಿಗೆ ಮುದ್ದೆ ಇಕ್ಕಿದವಳು. ಪುಸ್ತಕವಾದ ಮೇಲೆ ಮೊದಲ ಪ್ರತಿಯನ್ನು ಅವಳ ಕೈಯಲ್ಲಿಟ್ಟಾಗ ಅವಳು ಅದನ್ನು ತಿರುವಿ ಮುರುವಿ ನೋಡಿದಳು. "ನಂಗೆಲ್ಲಿ ಓದಾಕ್ ಬತ್ತದ್ಲಾ ಮಗ. ನೀನು ನಿನ್ ಬಾಯಲ್ಲಿ ಯೋಳ್ತಿರು, ಸಾಕು" ಅಂದಳು.

"ಬಾಯಿರೋಗಂಟ ಯೋಳ್ತೀನಿ ಕಣವ್ವ" ಅಂದಿದ್ದ ಕುಳ್ಳಯ್ಯ.

ಹೇಳಿದ. ತೊಂಬತ್ತಮೂರನೇ ಇಸವಿಯ ನವೆಂಬರಿನಲ್ಲಿ ನಾಗಮಂಗಲದ ಯಾವುದೋ ಯುವಕರ ಸಂಘದವರು ರಾಜ್ಯೋತ್ಸವಕ್ಕೆ ಕರೆದರು. ಮೈಸೂರಿನಿಂದ ಬರಬೇಕಿದ್ದ ಪ್ರೊಫೆಸರು ಕೈಕೊಟ್ಟಿದ್ದರಿಂದ ಬಂದ ಕರೆ ಅದು. ಕುಳ್ಳಯ್ಯ ನಿಂತು ಕುರಿಕಟ್ಟೆಯ ಕತೆ ತೆಗೆದ. ಗದ್ದಲ ಮಾಡುತ್ತಿದ್ದ ಜನ ಕಲ್ಲಿನ ಹಾಗೆ ಕೂತು ಕೇಳಿತು. ಕಾಲುಕಡಗ ಬಿಚ್ಚುವ ಜಾಗಕ್ಕೆ ಬಂದಾಗ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಲ್ಲಿಂದ ಕುಳ್ಳಯ್ಯನಿಗೆ ಕರೆಯ ಮೇಲೆ ಕರೆ. ಆಟೋ ಸ್ಟ್ಯಾಂಡಿನವರು, ಹಾಲಿನ ಸೊಸೈಟಿಯವರು, ಹೈಸ್ಕೂಲಿನವರು, ಬ್ಯಾಂಕಿನವರು. ಕೆ.ಆರ್. ಪೇಟೆಯಲ್ಲಿ ಬೆಳಿಗ್ಗೆ, ಶ್ರೀರಂಗಪಟ್ಟಣದಲ್ಲಿ ಸಂಜೆ.

ಎಲ್ಲ ಕಡೆಯೂ ಒಂದೇ ಪದ್ಧತಿ. ಶಾಲು ಹೊದಿಸುವುದು, ಹಾರ ಹಾಕುವುದು, ತಲೆಗೆ ಪೇಟ ಇಟ್ಟು ಫೋಟೋ ತೆಗೆದ ಮೇಲೆ ಪೇಟವನ್ನು ವಾಪಸು ಈಸಿಕೊಳ್ಳುವುದು. ಪೇಟ ಬಾಡಿಗೆಯದು. ಕೈಗೊಂದು ಕವರು ಕೊಟ್ಟರೆ ಅದರಲ್ಲಿ ಬಸ್ ಚಾರ್ಜು ಹುಟ್ಟುತ್ತಿತ್ತು. ಎಷ್ಟೋ ಕಡೆ ಅದೂ ಇಲ್ಲ. "ನಿಮ್ಮಂಥ ಸರಸ್ವತಿ ಪುತ್ರರಿಗೆ ದುಡ್ಡು ಕೊಟ್ಟು ಅವಮಾನ ಮಾಡೋದು ಬ್ಯಾಡ ಅಂತ" ಎಂದು ಕೈಮುಗಿಯುತ್ತಿದ್ದರು. ಕುರಿ ಹಾಕಿದ ಹಿಕ್ಕೆಗೆ ಸೇರು ತುಂಬ ಭತ್ತ ಅಳೆದು ಕೊಟ್ಟ ಊರುಗಳೇ ಅವನ ಮಾತಿಗೆ ಕೈಮುಗಿದು ಕಳಿಸುತ್ತಿದ್ದವು.

ಶ್ರೀರಂಗಪಟ್ಟಣದ ಒಂದು ಸಭೆ ಮುಗಿದ ಸಂಜೆ ಕುಳ್ಳಯ್ಯ ಖಾಲಿ ಶಾಮಿಯಾನದ ಕೆಳಗೆ ಕೂತಿದ್ದ. ಕರೆದವರು ಅಧ್ಯಕ್ಷರನ್ನು ಕಾರಿನಲ್ಲಿ ಕೂರಿಸಿಕೊಂಡು ಊಟಕ್ಕೆ ಹೋಗಿಬಿಟ್ಟಿದ್ದರು. ಮೈಕ್ ಸೆಟ್ಟಿನ ಮೆಹಬೂಬ್ ಪಾಷಾ ವೈರು ಸುತ್ತುತ್ತಿದ್ದ. ಪಾಂಡವಪುರದವನು; ನಾಲ್ಕೂ ತಾಲ್ಲೂಕಿನ ಸಭೆಗಳಿಗೆ ಅವನದೇ ಮೈಕು. ಕುಳ್ಳಯ್ಯನ ಭಾಷಣವನ್ನು ಅವನಷ್ಟು ಸಲ ಕೇಳಿದವರು ಇನ್ನೊಬ್ಬರಿರಲಿಲ್ಲ.

"ಏನ್ ಕುಳ್ಳಯ್ನೋರೆ, ಇನ್ನೂ ಇಲ್ಲೇ ಇದ್ದೀರಾ?"

"ಬಸ್ಸಿಗೆ ಏನಾದ್ರೂ ಕೊಡ್ತಾರೇನೋ ಅಂತ ಕುಂತಿವ್ನಿ ಪಾಷಾ. ನಿಂಗ್ ಕೊಟ್ರಾ?"

ಪಾಷಾ ನಕ್ಕ. "ನಂಗಾ? ಅಡ್ವಾನ್ಸು ಕೈಗೆ ಬರ್ದೆ ನಾನು ಡಬ್ಬದ್ ಬೀಗಾನೇ ತೆಗ್ಯಾಕಿಲ್ಲ. ಶಾಮಿಯಾನದೋನ್ಗೆ ಕೊಟ್ರು, ಕುರ್ಚಿಯೋನ್ಗೆ ಕೊಟ್ರು, ವಾಲಗದೋರ್ಗೆ ವೀಳ್ಯ ಕೊಟ್ಟು ಕರ್ಕಂಬಂದವ್ರೆ. ನೀವೊಬ್ರೇ ಬಿಟ್ಟಿ. ಮೈಕಿಗೆ ಬಾಡ್ಗೆ ಐತೆ, ಮೈಕಿನ್ ಮುಂದಿರೋ ಬಾಯಿಗೆ ಇಲ್ಲ. ಯಾ ಅಲ್ಲಾ, ಇದ್ಯಾವ್ ನ್ಯಾಯ ಅಂತೀನಿ."

"ಕೇಳಾಕೆ ಬಾಯೇ ಬರಾಕಿಲ್ಲ ಕಣೋ."

"ಊರಿಗೆಲ್ಲ ಕೇಳೋ ಅಂಗೆ ಕೂಗ್ತೀರಾ, ಇದ್ಕೆ ಬಾಯಿ ಬರಾಕಿಲ್ವಾ?" ಅಂದ ಪಾಷಾ. ಅವನೇ ಕುಳ್ಳಯ್ಯನನ್ನೂ ಲೂನಾ ಮೊಪೆಡ್ಡಿನ ಹಿಂದೆ ಮೈಕಿನ ಹಾರ್ನುಗಳ ಜೊತೆಗೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟ.

ವೀಳ್ಯ ಎಂಬ ಆ ಮಾತು ಕುಳ್ಳಯ್ಯನ ತಲೆಯಲ್ಲಿ ಕೂತುಬಿಟ್ಟಿತು. ಆ ಸೀಮೆಯಲ್ಲಿ ವಾಲಗದವರನ್ನೋ, ನಾಟಕದ ಮೇಷ್ಟರನ್ನೋ, ಹರಿಕತೆ ದಾಸರನ್ನೋ ಕರೆಸಬೇಕಾದರೆ ಅವರ ಮನೆಗೇ ಹೋಗಬೇಕು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮೇಲೆ ಒಪ್ಪಿದ ದುಡ್ಡಿಟ್ಟು, ಕೈಗೆ ಕೊಡಬೇಕು. ಅದೇ ವೀಳ್ಯ. ಒಮ್ಮೆ ಕೈಯೊಡ್ಡಿ ತೆಗೆದುಕೊಂಡರೆ ಮುಗಿಯಿತು, ಮಳೆ ಬರಲಿ ಮಾರಿ ಬರಲಿ ಆ ದಿನ ಅಲ್ಲಿ ಇರಬೇಕು. ಮನೆಯಲ್ಲಿ ಹೆಣ ಬಿದ್ದರೆ ಮಾತ್ರ ವಿನಾಯಿತಿ. ವೀಳ್ಯ ಹಿಂದಿರುಗಿಸಿದವನಿಗೆ ಆಮೇಲೆ ಯಾವ ಊರೂ ವೀಳ್ಯ ಹಿಡಿಯುವುದಿಲ್ಲ. ಇನ್ನು ಕೊಟ್ಟವರು ಇಂಥದ್ದೇ ರಾಗ, ಇಂಥದ್ದೇ ಕತೆ ಅಂದರೆ ಅದೇ ಆಗಬೇಕು. ತಗೊಳ್ಳುವವನು ಮೊದಲೇ ಕೇಳಿ ಒಪ್ಪಿಕೊಳ್ಳುವುದು ವಾಡಿಕೆ. ಈ ಕೊನೆಯದು ಹತ್ತಾರು ವರ್ಷ ವೀಳ್ಯ ತಿಂದವರಿಗೆ ಗೊತ್ತು. ಕುಳ್ಳಯ್ಯನಿಗೆ ಗೊತ್ತಿರಲಿಲ್ಲ.

ಮುಂದಿನ ನವೆಂಬರಿಗೆ ಮೊದಲು ನಾಗಮಂಗಲದ ಅದೇ ಯುವಕರು ಬಸ್ ಸ್ಟ್ಯಾಂಡಿನಲ್ಲಿ ಹಿಡಿದರು.

"ಕುಳ್ಳಯ್ನೋರೆ, ಈ ಸಲಾನೂ ನೀವೇ ಭಾಷ್ಣ."

"ಬತ್ತೀನಿ. ಆದ್ರೆ ಮನೇಗೆ ಬಂದು ವೀಳ್ಯ ಕೊಟ್ಟು ಕರೀರಪ್ಪ."

ಹುಡುಗರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಮುಂದಾಳು ಅನ್ನಿಸಿಕೊಂಡವನು ಹಲ್ಲು ಕಿಸಿದ. "ಸಾಯಿತಿ ಅಂದ್ಕಂಡಿದ್ವಿ ಕಣ್ರೋ. ಕಾಸು ಕೇಳ್ತಾವ್ರೆ! ಎಲ್ಲಿ, ವಾಲಗ ಎಲ್ಲಿ ಮಡಗಿದ್ದೀರಾ?"

"ವಾಲಗ ಊದೋನ್ ಉಸ್ರು ಉಸ್ರು, ನನ್ ಉಸ್ರು ಗಾಳಿ ಏನ್ಲಾ?" ಅಂದ ಕುಳ್ಳಯ್ಯ.

ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತಿಗೆ ಕರೆ ಬರಲಿಲ್ಲ. ಕುಳ್ಳಯ್ಯ ಕಾಸು ಕೇಳ್ತಾನಂತೆ ಅನ್ನುವುದು ನಾಲ್ಕು ತಾಲ್ಲೂಕಿಗೂ ಪಾಷಾನ ಹಾರ್ನಿಗಿಂತ ಗಟ್ಟಿಯಾಗಿ ಕೇಳಿಸಿತು. ಆ ನವೆಂಬರು ಹೋಯಿತು. ಅದರ ಮುಂದಿನದೂ ಹೋಯಿತು. ಕುಳ್ಳಯ್ಯ ಒಗೆದ ಬಿಳಿ ಶರಟನ್ನು ಗೂಟಕ್ಕೆ ನೇತುಹಾಕಿ ಕಾದ. ಸಿದ್ದಲಿಂಗಮ್ಮ ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದಳು. ಕುಳ್ಳಯ್ಯನಿಗೆ ಪರರ ಕುರಿ ಕಾಯಲು ಕರೆ ಬಂತು, ಹೋಗಲಿಲ್ಲ. ತನ್ನ ಮಂದೆಯನ್ನು ಮಾರಿ ಪುಸ್ತಕ ಬರೆದವನು ಇನ್ನೊಬ್ಬನ ಮಂದೆಯ ಹಿಂದೆ ಹೋದರೆ, ಆ ದಾರಿಯಲ್ಲಿ ಎದುರಾದವರಿಗೆ ಯಾವ ಮುಖ ತೋರಿಸುವುದು? ಒಂದೇ ಒಂದು ವೀಳ್ಯ ಬಂದರೆ ಸಾಕು, ಮಾತಿನಲ್ಲೇ ಬದುಕಬಹುದು ಎಂದು ಹಟಕ್ಕೆ ಬಿದ್ದಿದ್ದ.

ತೊಂಬತ್ತಾರರ ಸುಗ್ಗಿ ಮುಗಿದ ಮೇಲೆ ಒಂದು ಜೀಪು ಬಂದು ಮನೆ ಮುಂದೆ ನಿಂತಿತು. ಇಳಿದವನು ಚಿನಕುರಳಿ ಕಡೆಯ ಪುಟ್ಟಸ್ವಾಮಿ, ಕಂಟ್ರಾಕ್ಟರೊಬ್ಬರ ಬಲಗೈ. ಕೈಯಲ್ಲಿ ಹಿತ್ತಾಳೆ ತಟ್ಟೆ. ಎಳೆ ಎಲೆ, ಅಡಿಕೆ, ಸುಲಿಯದ ತೆಂಗಿನಕಾಯಿ, ಅದರ ಮಗ್ಗುಲಲ್ಲಿ ನೋಟು. ಬೀದಿಯ ಜನ ಬಾಗಿಲಲ್ಲಿ ಬಂದು ನಿಂತಿತು.

"ಕುಳ್ಳಯ್ನೋರು ವೀಳ್ಯ ಇಲ್ದೆ ಬರಾಕಿಲ್ಲ ಅಂದ್ರು. ನ್ಯಾಯ್ವಾದ್ ಮಾತು ಅಂತ ನಮ್ ಸಾಹೇಬ್ರೇ ಕಳಿಸವ್ರೆ. ತಕಳಿ" ಅಂದ ಪುಟ್ಟಸ್ವಾಮಿ.

ಸಿದ್ದಲಿಂಗಮ್ಮ ಓಡಿಹೋಗಿ ಹೊಸ ಚಾಪೆ ತಂದು ಹಾಸಿದಳು. ಕುಳ್ಳಯ್ಯ ಗೂಟದ ಶರಟು ತೊಟ್ಟು, ಪೂರ್ವಕ್ಕೆ ಮುಖ ಮಾಡಿ ಕೂತು, ಎರಡೂ ಕೈಯೊಡ್ಡಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಒಂದು ಎಲೆಯನ್ನು ಮಡಿಸಿ ಬಾಯಿಗೂ ಹಾಕಿಕೊಂಡ. ಆಮೇಲೆ ಕೇಳಿದ.

"ಏನ್ ಇಸೇಸ ಪುಟ್ಟಸ್ವಾಮಣ್ಣ, ರಾಜ್ಯೋತ್ಸವ ಮುಗ್ದೋಯ್ತಲ್ಲ?"

"ನಮ್ ರಘುನಂದನ್ ಸಾಹೇಬ್ರಿಗೆ ಅಭಿನಂದ್ನೆ. ಊರ್ಗೆ ನೀರಿನ್ ತೊಟ್ಟಿ ಕಟ್ಸವ್ರಲ್ಲ, ಅದ್ರ ಪ್ರಾರಂಭನೂವೆ. ನೀವು ಆ ಕುರಿಕಟ್ಟೆ ಕತೆ ಯೋಳ್ಬೇಕು. ಯೋಳಿ, ಆ ಕಟ್ಟೇನೇ ಸಾಹೇಬ್ರು ಹೊಸ್ದಾಗಿ ಮಾಡವ್ರೆ ಅಂತ ಮುಗಿಸ್ಬೇಕು."

"ಕಟ್ಟೇಗೇನಾಗದೆ?"

"ಕಟ್ಟೆ ಎಲ್ಲದೆ? ನಮ್ ಸಾಹೇಬ್ರ ಕಲ್ ಕ್ವಾರಿ ಆ ಕಡೀಕೆ ಓದಾಗ ಸಿಡಿಮದ್ದಿಗೆ ಓಯ್ತು. ಹಳೇ ಕಲ್ಲು ಕಣ್ರಿ, ಜಲ್ಲಿಗೆ ಚೆನ್ನಾಗ್ ಬಂತು."

ಬಾಯಲ್ಲಿದ್ದ ಎಲೆ ನುಂಗಲೂ ಆಗದೆ ಉಗುಳಲೂ ಆಗದೆ ಕುಳ್ಳಯ್ಯ ಕೂತ. ಪುಟ್ಟಸ್ವಾಮಿ ಎದ್ದು ಪಂಚೆ ಕೊಡವಿಕೊಂಡ. "ವೀಳ್ಯ ತಗಂಡವ್ರೆ, ಇನ್ ಮಾತಿಲ್ಲ" ಎಂದು ಬೀದಿಯ ಜನಕ್ಕೂ ಕೇಳುವ ಹಾಗೆ ಹೇಳಿ ಜೀಪು ಹತ್ತಿದ.

"ವಾಪಸ್ ಕೊಟ್ಬುಡು" ಅಂದಳು ಸಿದ್ದಲಿಂಗಮ್ಮ, ಜೀಪಿನ ಧೂಳು ಕೂತ ಮೇಲೆ.

"ವಾಪಸ್ ಕೊಟ್ರೆ ಇನ್ಯಾರ್ ಕೊಟ್ಟಾರು?"

"ನಿಂಗೆ ಮುದ್ದೆ ಇಕ್ಕಿದ್ಲು ಆ ಮುದ್ಕಿ."

"ನಂಗೊತ್ತು ಬುಡು!" ಎಂದು ಕುಳ್ಳಯ್ಯ ಗದರಿದ. ಆಮೇಲೆ ಮೆಲ್ಲಗೆ ಅಂದ: "ಓಗ್ತೀನಿ. ಕತೆ ಯೋಳ್ತೀನಿ. ಕೊನೇಲಿ ಒಂದು ಮಾತು ಆಡ್ಬುಡ್ತೀನಿ, ಈ ಕಟ್ಟೇನ ಒಡ್ದೋರ್ಯಾರು ಅಂತ. ವೀಳ್ಯ ತಗಂಡೋನು ಮಾತಾಡ್ಲೇ ಬೇಕು ತಾನೆ? ಮಾತಾಡ್ತೀನಿ." ಆ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಉರು ಹೊಡೆದುಕೊಂಡೇ ಆ ದಿನ ಚಿನಕುರಳಿಗೆ ಬಸ್ಸು ಹತ್ತಿದ.

ತೊಟ್ಟಿಯನ್ನು ಬಸ್ಸಿನಿಂದ ಇಳಿಯುವಾಗಲೇ ಕಂಡ. ರಸ್ತೆ ಬದಿಗೆ ಸಿಮೆಂಟಿನದು, ಎದೆಮಟ್ಟದ ಗೋಡೆ, ನೀಲಿ ಬಣ್ಣ, ಮೇಲೆ ಕಂಟ್ರಾಕ್ಟರ ತಂದೆಯ ಹೆಸರು. ಎತ್ತು ಬೇಕಾದರೆ ಕತ್ತು ಚಾಚಿ ಕುಡಿದೀತು. ಕುರಿ ಹಿಂಗಾಲ ಮೇಲೆ ನಿಂತರೂ ನೀರು ಕಾಣದು.

ಟ್ರಾಕ್ಟರುಗಳಲ್ಲಿ ಜನ ತುಂಬಿಕೊಂಡು ಬಂದಿದ್ದರು. ಪಾಷಾ ಆಂಪ್ಲಿಫೈಯರ್ ಮುಂದೆ ಕೂತಿದ್ದ. ಕುಳ್ಳಯ್ಯನನ್ನು ಕಂಡು ಎದ್ದು ಬಂದು ಕೈ ಹಿಡಿದ. "ಮುಬಾರಕ್ ಕುಳ್ಳಯ್ನೋರೆ! ವೀಳ್ಯ ಬಂತಂತೆ. ನಾನ್ ಯೋಳ್ನಿಲ್ವಾ?" ಕುಳ್ಳಯ್ಯ ಕೈ ಬಿಡಿಸಿಕೊಂಡು ವೇದಿಕೆ ಹತ್ತಿದ. ಮುಂದಿನ ಸಾಲಿನಲ್ಲಿ, ಹೆಂಗಸರ ನಡುವೆ, ಚಿಕ್ಕಬೋರಮ್ಮ ಕೂತಿದ್ದಳು. ಯಾರೋ ಕೈಹಿಡಿದು ಕರೆತಂದಿದ್ದರು. ಕಣ್ಣು ಪೂರಾ ಮಂಜಾಗಿತ್ತು. ಧ್ವನಿ ಬಂದ ಕಡೆ ಮುಖ ತಿರುಗಿಸುತ್ತಿದ್ದಳು.

ಕುಳ್ಳಯ್ಯ ಎದ್ದು ನಿಂತ. ಎರಡು ನವೆಂಬರು ಮೈಕಿನ ಮುಂದೆ ನಿಲ್ಲದ ಹಸಿವು ಅವನಲ್ಲಿತ್ತು. ಕತೆ ಶುರುವಾಯಿತು. ಬಾಗಿಲಲ್ಲಿ ಬಿದ್ದ ಗಬ್ಬದ ಕುರಿ, ಅನ್ನ ಬಿಟ್ಟ ಹೆಂಗಸು, ಕಾಲುಕಡಗ, ತಗ್ಗಿಸಿದ ಅಂಚು. ಅಂದಿನಷ್ಟು ಚೆನ್ನಾಗಿ ಅವನು ಯಾವತ್ತೂ ಹೇಳಿರಲಿಲ್ಲ. ಜನ ಉಸಿರು ಬಿಗಿಹಿಡಿದು ಕೂತಿತ್ತು. ಉರು ಹೊಡೆದ ಆ ಒಂದು ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಮಗ್ಗುಲಿಗೆ ಹೋಯಿತು. ಕುರ್ಚಿಯಲ್ಲಿ ಕಂಟ್ರಾಕ್ಟರ್ ರಘುನಂದನ್ ಹಾರ ಹಾಕಿಕೊಂಡು, ಕಣ್ಣಂಚಿನಲ್ಲಿ ನೀರು ತಂದುಕೊಂಡು, ತಲೆದೂಗುತ್ತಾ ಕೂತಿದ್ದ. ಅವನ ಹಿಂದೆ ಪುಟ್ಟಸ್ವಾಮಿ. ಅವನ ಹಿಂದೆ, ಕೆ.ಆರ್. ಪೇಟೆಯಿಂದಲೂ ಪಾಂಡವಪುರದಿಂದಲೂ ಬಂದ ಸಂಘಗಳ ಯಜಮಾನರು. ಅವರೆಲ್ಲ ವೀಳ್ಯ ಹಿಡಿಯಬಲ್ಲ ಕೈಗಳು.

"ಆ ತಾಯಿಯ ಕಟ್ಟೆ ಎಲ್ಲೂ ಹೋಗಿಲ್ಲ," ಅಂದಿತು ಕುಳ್ಳಯ್ಯನ ಬಾಯಿ. "ಇಗೋ, ಈ ರಸ್ತೆಯ ಬದಿಯಲ್ಲಿ ಮರುಹುಟ್ಟು ಪಡೆದು ನಿಂತಿದೆ."

ಆಮೇಲೆ ಅದು ನಿಲ್ಲಲೇ ಇಲ್ಲ. ಒಂದು ಸುಳ್ಳು ಇನ್ನೊಂದನ್ನು ಕೈಹಿಡಿದು ಕರೆತಂದಿತು. ಕಾಲುಕಡಗ ಬಿಚ್ಚಿಕೊಟ್ಟ ಕೈಯೇ ಈಗ ಕಂಟ್ರಾಕ್ಟರ ಕೈಯಾಗಿ ಬಂದಿದೆ ಎಂದ. ಕುರಿಮರಿಗಳು ಹರಸುತ್ತಿವೆ ಎಂದ. ಚಪ್ಪಾಳೆ ಬಿದ್ದವು. ಕಂಟ್ರಾಕ್ಟರು ಎದ್ದು ಬಂದು ತಬ್ಬಿಕೊಂಡರು. ಶಾಲು ಬಂತು, ಈ ಸಲ ಉಣ್ಣೆಯದು, ಬೆಚ್ಚಗಿತ್ತು. ಪೇಟವನ್ನೂ ವಾಪಸು ಕೇಳಲಿಲ್ಲ.

ವೇದಿಕೆಯಿಂದ ಇಳಿಯುವಾಗ ಚಿಕ್ಕಬೋರಮ್ಮ ದಾರಿಯಲ್ಲೇ ನಿಂತಿದ್ದಳು. ಕೈಚಾಚಿ ಅವನ ಮುಖ ತಡವಿ ಗುರುತು ಹಿಡಿದಳು.

"ಕುಳ್ಳನಾ? ಸಂದಾಗಿ ಮಾತಾಡ್ದೆ ಕಣ್ಲಾ ಮಗ. ಮದ್ದು ಸಿಡ್ದಿದ್ದ ಈ ಕಿವೀಲೇ ಕೇಳಿದ್ದೆ, ಕಟ್ಟೆ ಓಯ್ತು ಅಂತ ಅತ್ತಿದ್ದೆ. ನೀನ್ ಯೋಳ್ತಾ ಯೋಳ್ತಾ ನಂಗೂ ಅಲ್ಲೇ ಅದೆ ಅನ್ನಿಸ್ಬುಡ್ತು." ಪಕ್ಕದ ಹೆಂಗಸಿನ ಕಡೆ ತಿರುಗಿದಳು. "ಒಸಿ ಕರ್ಕಂಡೋಗವ್ವ, ಆ ತೊಟ್ಟಿ ಅಂಚ ಮುಟ್ಟಿ ನೋಡ್ಬೇಕು."

ಕುಳ್ಳಯ್ಯ ನೋಡುತ್ತ ನಿಂತ. ಅವಳು ತೊಟ್ಟಿಯ ಹತ್ತಿರ ಹೋಗಿ ಬಗ್ಗಿ, ನೆಲಮಟ್ಟದಲ್ಲಿ ಕೈಯಾಡಿಸಿದಳು. ಅಲ್ಲಿ ಗೋಡೆಯಿತ್ತು. ಕೈಯನ್ನು ಗೋಡೆಯ ಮೇಲೆ ಮೇಲೆ ಸರಿಸುತ್ತ ಹೋದಳು. ಮಂಡಿ, ಸೊಂಟ, ಎದೆ. ಅಂಚು ಸಿಕ್ಕಿದ್ದು ಎದೆಮಟ್ಟದಲ್ಲಿ. ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತಳು. ಆಮೇಲೆ ಸೆರಗಿನಿಂದ ಕೈಯೊರಸಿಕೊಂಡು, ಆ ಹೆಂಗಸಿನ ತೋಳು ಹಿಡಿದು ಊರ ಕಡೆ ಹೊರಟಳು. ಕುಳ್ಳಯ್ಯನಿದ್ದ ಕಡೆ ಮುಖ ತಿರುಗಿಸಲಿಲ್ಲ.

ಪಾಷಾ ವೈರು ಸುತ್ತುತ್ತಿದ್ದ. ಕುಳ್ಳಯ್ಯ ಹೋಗಿ ಪಕ್ಕ ನಿಂತರೂ ತಲೆಯೆತ್ತಲಿಲ್ಲ.

"ಪಾಷಾ, ಲೂನಾದಲ್ಲಿ ಜಾಗ ಅದಾ?"

"ನಿಮ್ಗೆ ಜೀಪು ಐತಲ್ಲ ಕುಳ್ಳಯ್ನೋರೆ" ಅಂದ ಪಾಷಾ. ವೈರಿನ ಸುರುಳಿಯನ್ನು ಡಬ್ಬಕ್ಕೆ ಹಾಕಿ ಹೇಳಿದ: "ನನ್ ಮೈಕು ಕಾಸ್ ಕೊಟ್ಟೋರ್ ಮಾತ್ನೆಲ್ಲ ಕೂಗ್ತದೆ. ಅದ್ಕೆ ಬಾಡ್ಗೆ ತಗತೀನಿ. ನೀವು ಅಂಗಲ್ಲ ಅಂದ್ಕಂಡಿದ್ದೆ."

ಅಲ್ಲಿಂದಾಚೆಗೆ ಕುಳ್ಳಯ್ಯನ ಮನೆಗೆ ವೀಳ್ಯ ತಪ್ಪಲಿಲ್ಲ. ಅಕ್ಕಿಹೆಬ್ಬಾಳಿನ ರೈಸ್ ಮಿಲ್ಲಿನವರ ಅರವತ್ತರ ಶಾಂತಿ, ಶ್ರೀರಂಗಪಟ್ಟಣದ ಲಾಡ್ಜಿನ ಪ್ರಾರಂಭ, ಸೋತ ಚೇರ್ಮನ್ನರ ಸಮಾಧಾನ ಸಭೆ. ಕರೆದವರು ಯಾರಾದರೂ ಸರಿ, ಕುಳ್ಳಯ್ಯ ಅವರಿಗೊಂದು ಕತೆ ಹೊಂದಿಸಿಬಿಡುತ್ತಾನೆ ಎಂದು ಹೆಸರಾಯಿತು. ಸಿದ್ದಲಿಂಗಮ್ಮ ಕಳೆ ಕೀಳಲು ಹೋಗುವುದು ನಿಂತಿತು. ಮನೆಗೆ ಹೊಸ ಹೆಂಚು ಬಂತು. ಪುಸ್ತಕದ ಕಟ್ಟುಗಳನ್ನು ಅವಳು ಅಟ್ಟಕ್ಕೆ ಏರಿಸಿದಳು. ಕುಳ್ಳಯ್ಯ ಬೇಡ ಅನ್ನಲಿಲ್ಲ. ಚಿನಕುರಳಿಯ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಅವನು ಯಾವಾಗಲೂ ತೊಟ್ಟಿ ಕಾಣದ ಮಗ್ಗುಲಿನ ಸೀಟು ಹಿಡಿಯುತ್ತಿದ್ದ. ಎರಡನೇ ಪುಸ್ತಕ ಯಾವಾಗ ಎಂದು ಕೇಳಿದವರಿಗೆ, ಪುರಸೊತ್ತು ಎಲ್ಲಿ ಎಂದು ನಗುತ್ತಿದ್ದ.

ಮೊನ್ನೆ ಮೊನ್ನೆ ಕೆ.ಆರ್. ಪೇಟೆಯಿಂದ ಇಬ್ಬರು ತಟ್ಟೆ ಹಿಡಿದು ಬಂದರು. ಸಿದ್ದಲಿಂಗಮ್ಮ ಚಾಪೆ ಹಾಸಿ ಒಳಗೆ ಹೋದಳು. ಈಗ ಅವಳು ನಿಂತು ನೋಡುವುದಿಲ್ಲ. ಕುಳ್ಳಯ್ಯ ಪೂರ್ವಕ್ಕೆ ಮುಖ ಮಾಡಿ ಕೂತ. ಆದರೆ ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡ.

"ಯಾರ್ನ ಒಗಳ್ಬೇಕು," ಅಂದ, "ಅದ ಮೊದ್ಲು ಯೋಳ್ಬುಡ್ರಪ್ಪ."